ಕಿಟಕಿಯ ಅಜ್ಜಿ "ಮಲಾ ಕಾಢ್" ಅಂದಾಗ

ಮೇಲಿನ ಕಿಟಕಿಯಲ್ಲಿದ್ದ ಅಜ್ಜಿ ಸರಳುಗಳ ನಡುವೆ ಕೈ ಹೊರಗೆ ಚಾಚಿ ನನ್ನನ್ನು ಕರೆದರು. "ಮಲಾ ಕಾಢ್" ಎಂದರು. ನಾನು ಕ್ಯಾಮೆರಾ ಎತ್ತಿದೆ.

ಶನಿವಾರ ಮಧ್ಯಾಹ್ನ, ಪುಣೆಯ ಹಳೇ ಪೇಠೆಯ ಒಂದು ಗಲ್ಲಿ. ಕೆತ್ತನೆಯ ಮರದ ಕಂಬಗಳ ಹಳೇ ವಾಡೆ, ಕೆಳಗೆ ಒಂದು ಹಿತ್ತಾಳೆ ಪಾತ್ರೆ ಅಂಗಡಿ. ಲೈಟ್ ಎಷ್ಟು ಚೆನ್ನಾಗಿತ್ತು ಅಂದರೆ ನಾನು ಬೇರೇನೂ ಯೋಚಿಸಲಿಲ್ಲ.

ನಾನು ಕಾಲೇಜಿಗೆಂದು ಪುಣೆಗೆ ಬಂದದ್ದು ಈಗಷ್ಟೇ. ಶಾಲೆ ಪೂರ್ತಿ ಬೋರ್ಡಿಂಗಿನಲ್ಲಿ ಕಳೆದವಳು, ಕನ್ನಡವೇ ಅರ್ಧ ಇಂಗ್ಲಿಷ್, ಮರಾಠಿಯಂತೂ ಝೀರೋ.

ಆದರೆ 'ಕಾಢ್' ಗೊತ್ತಿತ್ತು. ಅವತ್ತು ಬೆಳಿಗ್ಗೆ ಕೋಟೆಯ ಬಾಗಿಲಲ್ಲಿ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡಿದ್ದೇ ತಪ್ಪಾಯಿತು, ಬಂದವರೆಲ್ಲ ಫೋನ್ ಕೈಗಿಟ್ಟು "ತಾಈ, ಏಕ್ ಫೋಟೋ ಕಾಢ್ ನಾ" ಅನ್ನುತ್ತಿದ್ದರು. ಅಕ್ಕಾ, ಒಂದು ಫೋಟೋ ತೆಗಿ ಅಂತ. ನನ್ನ ಕಿವಿಗೆ ಅದು 'ಕಾಡು' ಎಂದು ಕೇಳಿ, ದೆವ್ವದ ಹಾಗೆ ಎಲ್ಲರನ್ನೂ ಕಾಡಬೇಕೇನೋ ಎಂದು ಒಳಗೊಳಗೇ ನಗು.

ಹಾಗಾಗಿ ಅಜ್ಜಿ "ಮಲಾ ಕಾಢ್" ಅಂದ ಹಾಗೆಲ್ಲ ಕ್ಲಿಕ್ ಮಾಡಿದೆ. ಅವರು ಮತ್ತೆ ಅಂದರು, ನಾನು ಮತ್ತೆ ಕ್ಲಿಕ್. ಸರಳಿಗೆ ಹಣೆ ಒತ್ತಿ ನಿಂತರು… ವಾವ್, ಎಂಥ ಎಕ್ಸ್‌ಪ್ರೆಶನ್!

ನಗಲಿಲ್ಲ ಅವರು. ವಯಸ್ಸಾದವರು ಫೋಟೋದಲ್ಲಿ ನಗುವುದಿಲ್ಲವಲ್ಲ, ಅಂದುಕೊಂಡೆ. ಕೈಮುಗಿದು ಹೊರಟೆ. ಗಲ್ಲಿಯ ತಿರುವಿನವರೆಗೂ ಅದೇ ಎರಡು ಮಾತು ಬೆನ್ನಿಗೆ ಕೇಳುತ್ತಿತ್ತು.

ರೂಮ್‌ಮೇಟ್ ಶ್ರದ್ಧಾ ಮುಖ್ಯ ರಸ್ತೆಯ ಹೋಟೆಲಿನಲ್ಲಿ ಮಿಸಳ್ ತಿನ್ನುತ್ತಾ ಕೂತಿದ್ದಳು. ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಪುಣೆಯದೇ ಹಡಪಸರದಲ್ಲಿ, ಕನ್ನಡ ಮರಾಠಿ ಎರಡೂ ನೀರು ಕುಡಿದ ಹಾಗೆ. ಹೆಮ್ಮೆಯಿಂದ ಫೋಟೋ ತೋರಿಸಿ ಕಥೆ ಹೇಳಿದೆ.

ಅವಳ ಚಮಚ ಅಲ್ಲೇ ನಿಂತಿತು.

"ಏನಂದ್ರು ಅಜ್ಜಿ? ಇನ್ನೊಮ್ಮೆ ಅನ್ನು."

"ಮಲಾ ಕಾಢ್."

"'ಫೋಟೋ' ಅನ್ನೋ ಮಾತು ಬಂತೇನು?"

"ಇಲ್ಲ. ಬಟ್ ಆಬ್ವಿಯಸ್ಲಿ…"

"ಏನ್ ಆಬ್ವಿಯಸ್ಲಿ, ಹುಚ್ಚಿ! 'ಮಲಾ ಕಾಢ್' ಅಂದ್ರ ನನ್ನ ಹೊರಗ ತಗಿ ಅಂತ. ಆ ಮುದುಕಿ ಒಳಗ ಸಿಕ್ಕೊಂಡದ. ನೀ ನೋಡಿದ್ರ ಪೋಸ್ ಕೊಡಸ್ಲಿಕ್ಕೆ ಹತ್ತಿದ್ದಿ!"

ಕನ್ನಡದಲ್ಲೂ ಹಾಗೇ ಅಲ್ಲವೇ… ಫೋಟೋ ತೆಗೆ, ಹೊರಗೆ ತೆಗೆ. ಎರಡಕ್ಕೂ ಒಂದೇ 'ತೆಗೆ'.

ಓಡಿದೆವು. ಬೋರ್ಡಿಂಗಿನಲ್ಲಿ ಒಮ್ಮೆ ತಮಾಷೆಗೆಂದು ಯಾರೋ ನನ್ನನ್ನು ಬಾತ್‌ರೂಮಿನಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ದಾರಿಯುದ್ದಕ್ಕೂ ಆ ಚಿಲಕದ ಸದ್ದೇ ನೆನಪಾಗುತ್ತಿತ್ತು.

ಕಿಟಕಿ ಈಗ ಖಾಲಿ.

ಪಾತ್ರೆ ಅಂಗಡಿಯ ಕಾಕಾ ಬಾಗಿಲು ತೆಗೆಯಲು ಮೊದಲು ಒಪ್ಪಲೇ ಇಲ್ಲ. ಬೇರೆಯವರ ಮನೆ ವಿಷಯ, ಸೊಸೆ ಚಾಕಣದ ಫ್ಯಾಕ್ಟರಿಗೆ ಹೋಗುತ್ತಾಳೆ, ಅಜ್ಜಿ ಮೆಟ್ಟಿಲಿನಿಂದ ಬೀಳಬಾರದೆಂದು ಹೊರಗಿನಿಂದ ಚಿಲಕ ಹಾಕುತ್ತಾಳೆ ಎಂದರು. ಶ್ರದ್ಧಾ ಮರಾಠಿಯಲ್ಲಿ ದಬಾಯಿಸಿದಳು. ಒಳಗೆ ಬಿದ್ದು ಸತ್ತರೆ ಪೊಲೀಸರಿಗೆ ಯಾರು ಉತ್ತರ ಕೊಡುತ್ತಾರೆ ಎಂದು ಕೇಳಿದ ಮೇಲೆ ಕಾಕಾ ಎದ್ದರು.

ಚಿಲಕ ತೆಗೆದು ಬಾಗಿಲು ತಳ್ಳಿದರೆ, ಅಜ್ಜಿ ಅದರ ಹಿಂದೆಯೇ ನಿಂತಿದ್ದರು. ಚಪ್ಪಲಿ ಹಾಕಿಕೊಂಡು, ಸೆರಗು ಹೊದ್ದು, ರೆಡಿಯಾಗಿ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ!

ಕೈ ಹಿಡಿದು ಕೆಳಗಿಳಿಸಿ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದೆವು. ನೀರು ಕುಡಿದರು. ಏನೂ ಆಗಿರಲಿಲ್ಲ ಅವರಿಗೆ. ನಾನು ನಿಟ್ಟುಸಿರು ಬಿಟ್ಟೆ, ಸ್ವಲ್ಪ ಅತ್ತುಬಿಟ್ಟೆ ಕೂಡ.

ಆಗ ಅಜ್ಜಿ ನನ್ನ ಮಣಿಕಟ್ಟು ಹಿಡಿದು, ಮೇಲಿನ ಕಿಟಕಿಯನ್ನು ನೋಡುತ್ತಾ ಮೆಲ್ಲಗೆ ಹೇಳಿದರು…

"ತಿಲಾ ಪಣ್ ಕಾಢ್."

ಶ್ರದ್ಧಾಳ ಮುಖ ನೋಡಿದೆ. ಅವಳು, "ಆಕೀನ್ನೂ ಹೊರಗ ತಗಿ ಅನ್ನಾಕತ್ಯಾರ" ಎಂದಳು.

ಶ್ರದ್ಧಾಳೂ ಕಾಕಾನೂ ಮತ್ತೆ ಮೇಲೆ ಹೋಗಿ ಬಂದರು. ಒಂದೇ ಕೋಣೆ. ಒಂದು ಮಂಚ, ಗ್ಯಾಸ್ ಕಟ್ಟೆ, ಮಡಚಿಟ್ಟ ಹಾಸಿಗೆ. ಮಂಚದ ಕೆಳಗೂ ಬಗ್ಗಿ ನೋಡಿದೆವು, ಯಾರೂ ಇಲ್ಲ ಎಂದರು. "ವಯಸ್ಸಾಗ್ಯದ, ಏನರೆ ನೆನಪ ಮಾಡ್ಕೋತಿರ್ತಾರ" ಎಂದು ಶ್ರದ್ಧಾ ನನ್ನ ಬೆನ್ನು ತಟ್ಟಿದಳು. ಬಾಗಿಲು ಗಾಳಿಗೆ ಬಡಿಯುತ್ತದೆಂದು ಕಾಕಾ ಚಿಲಕ ಹಾಕಿಯೇ ಇಳಿದಿದ್ದರು.

ಕಾಕಾ ಫೋನ್ ಮಾಡಿದ ಮೇಲೆ ಸೊಸೆ ಸಂಜೆಗೆ ಬಂದಳು. ಬೈಯುತ್ತಾಳೆ ಎಂದುಕೊಂಡು ನಾನು ಸಾರಿ ಹೇಳಲು ರೆಡಿಯಾಗಿದ್ದೆ.

ಬೈಯಲಿಲ್ಲ. ಸ್ಟೂಲಿನ ಮೇಲಿದ್ದ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಕಿಟಕಿ ನೋಡಿದಳು, ಆಮೇಲೆ ಕಾಕಾನನ್ನು.

"ಕಡೀ ಲಾವ್ಲೀ ಕಾ?"

ಚಿಲಕ ಹಾಕಿದಿರಾ ಅಂತ.

ಹಾಕಿದ್ದೇನೆ ಎಂದರು ಕಾಕಾ. ಆಗ ಅವಳ ಭುಜ ಇಳಿಯಿತು. ಅಜ್ಜಿಯನ್ನು ಎಬ್ಬಿಸಿ, ಮೇಲೆ ಹೋಗದೆ, ಹಾಗೇ ರಿಕ್ಷಾ ಹತ್ತಿಸಿಕೊಂಡು ಯಾವುದೋ ಸಂಬಂಧಿಕರ ಮನೆಗೆ ಹೊರಟುಬಿಟ್ಟಳು.

ಈಗ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ಎಲ್ಲ ಫೋಟೋದಲ್ಲೂ ಕಿಟಕಿಯ ಅರ್ಧ ಅಜ್ಜಿ, ಇನ್ನರ್ಧ ಕಪ್ಪು. ಆದರೆ ಕ್ಯಾಮೆರಾದ ಮೂಲ ರಾ ಫೈಲಿನಲ್ಲಿ ಕಪ್ಪಾಗಿ ಕಾಣುವುದೆಲ್ಲ ಕಪ್ಪಲ್ಲ. 'ಶ್ಯಾಡೋಸ್' ಸ್ಲೈಡರ್ ಎಳೆದರೆ ಕತ್ತಲಿನಲ್ಲಿ ಇದ್ದದ್ದು ನಿಧಾನವಾಗಿ ಬೆಳಕಿಗೆ ಬರುತ್ತದೆ.

ಅಲ್ಲಿ ಯಾರೂ ಇಲ್ಲದಿದ್ದರೆ ನಾನು ನೆಮ್ಮದಿಯಾಗಿ ಮಲಗಬಹುದು. ಇದ್ದರೆ… ಅವಳನ್ನು ಒಳಗೇ ಬಿಟ್ಟು ಚಿಲಕ ಹಾಕಿ ಬಂದವರು ನಾವು.

ನೀವಾಗಿದ್ದರೆ ಸ್ಲೈಡರ್ ಎಳೆಯುತ್ತಿದ್ದಿರಾ?