ಕುದುರೆಯ ಮುಂದೆ ಆಡಬಾರದ ಮಾತು

ನಮ್ಮ ಕಡೆಯ ಕುದುರೆ ಗಾಡಿ ಶರ್ಯತ್ತಿನ ಸಂಘಕ್ಕೆ ಶಿಸ್ತಿನ ನಿಯಮಗಳನ್ನು ಬರೆದವನು ನಾನು. ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅದು ಸುಮಾರು ಎರಡು ತಿಂಗಳು ನಡೆಯಿತು.

ಶರ್ಯತ್ತು ಅಂದರೆ ಓಟದ ಪಂದ್ಯ. ರಾಯಬಾಗದಿಂದ ಕಾಗವಾಡದವರೆಗೆ ಕಬ್ಬು ಕಟಾವಾಗಿ ಹೊಲ ಖಾಲಿಯಾದರೆ ಸಾಕು, ಜನರ ಕಾಲು ತುರಿಸತೊಡಗುತ್ತದೆ. ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗವಿರುವ ಹಗುರ ಗಾಡಿ, ಅದಕ್ಕೊಂದು ಕುದುರೆ. ಕೆಲವರು ಒಂದೇ ನೊಗಕ್ಕೆ ಒಂದು ಕಡೆ ಕುದುರೆ, ಇನ್ನೊಂದು ಕಡೆ ಎತ್ತು ಕಟ್ಟಿ ಓಡಿಸುತ್ತಾರೆ. ಅವೆರಡೂ ಮೊದಲ ನೂರು ಹೆಜ್ಜೆ ಒಂದನ್ನೊಂದು ಅನುಮಾನದಿಂದ ನೋಡುತ್ತವೆ, ಆಮೇಲೆ ಗತಿಯಿಲ್ಲದೆ ಹೊಂದಿಕೊಳ್ಳುತ್ತವೆ.

ಮೊದಲು ಇದಕ್ಕೆಲ್ಲ ಕಾಗದಪತ್ರ ಬೇಕಿರಲಿಲ್ಲ. ಈಗ ಅನುಮತಿ ಬೇಕು. ಅನುಮತಿಗೆ ಸಂಘ ಬೇಕು, ಸಂಘಕ್ಕೆ ನಿಯಮ ಬೇಕು. ಚಾಬೂಕು ಎತ್ತಬಾರದು, ಮೊಳೆ ಚುಚ್ಚಬಾರದು, ದನದ ಡಾಕ್ಟರು ಹಾಜರಿರಬೇಕು. ಸಂಘದ ಅಧ್ಯಕ್ಷರು ಒಂದು ಭಾನುವಾರ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಕಬ್ಬಿನ ಟ್ರ್ಯಾಕ್ಟರುಗಳ ಮಾಲೀಕರು, ದೊಡ್ಡ ದನಿಯವರು.

"ಸರ್, ನೀವು ಹೈಸ್ಕೂಲಿನಾಗ ಕನ್ನಡ ಕಲಸಾವ್ರು. ಒಂದ್ ಪಾನಿನಾಗ ಬರದ ಕೊಟ್ಟ ಬಿಡ್ರಿ. ಆಫೀಸಿನ್ಯಾವ್ರೂ ಓದಂಗಿಲ್ಲ, ನಾವೂ ಓದಂಗಿಲ್ಲ."

ಅವರು ಕೇಳಿದ್ದು ಒಂದು ಪುಟ, ನಾನು ಬರೆದದ್ದು ಹನ್ನೊಂದು. ಯಾವುದೋ ದೊಡ್ಡ ಶಹರದ ಕುದುರೆ ಸವಾರಿ ಕ್ಲಬ್ಬಿನ ನಿಯಮಾವಳಿ ಫೋನಿನಲ್ಲಿ ಸಿಕ್ಕಿತ್ತು. ಅದನ್ನು ಮುಂದಿಟ್ಟುಕೊಂಡು ಕೂತೆ. ರಾತ್ರಿಯ ಊಟಕ್ಕೆ ಸದಸ್ಯರು ಪಾಲಿಶ್ ಮಾಡಿದ ಬೂಟು ಹಾಕಿಕೊಂಡೇ ಬರಬೇಕೆಂದು ಅದರಲ್ಲಿತ್ತು. ನಮ್ಮವರು ಗಾಡಿಯ ಮೇಲೆ ಬರಿಗಾಲಲ್ಲಿ ನಿಲ್ಲುವವರು, ಊಟವನ್ನು ಹೊಲದ ಬದುವಿನ ಮೇಲೆ ಮುಗಿಸುವವರು. ಅದನ್ನು 'ಶುಭ್ರವಾದ ಉಡುಪು' ಎಂದು ತಿದ್ದಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಒಂಬತ್ತನೆಯ ನಿಯಮ ಮಾತ್ರ ಆ ಪುಸ್ತಕದಲ್ಲಿರಲಿಲ್ಲ. ಅದು ನನ್ನದೇ. 'ಕುದುರೆಯ ಸಮ್ಮುಖದಲ್ಲಿ ಸದಸ್ಯನು ಅವಾಚ್ಯ ಶಬ್ದಗಳನ್ನು ಬಳಸತಕ್ಕದ್ದಲ್ಲ. ತಪ್ಪಿದಲ್ಲಿ ಸದಸ್ಯತ್ವ ರದ್ದಾಗುವುದು.'

ಈಗ ಒಪ್ಪಿಕೊಳ್ಳುತ್ತೇನೆ, ಅದನ್ನು ನಾನು ನಮ್ಮಪ್ಪನಿಗಾಗಿಯೇ ಬರೆದಿದ್ದೆ.

ಅಪ್ಪ ಸಂಘದ ಒಂದನೇ ನಂಬರಿನ ಸದಸ್ಯ. ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ, ಆದರೂ ಗಾಡಿಯ ಮೇಲೆ ನಿಂತರೆ ಕಂಬ. ಜೀವನದಲ್ಲಿ ಒಮ್ಮೆಯೂ ಚಾಬೂಕು ಮುಟ್ಟಿದವರಲ್ಲ. ಅವರು ಓಡಿಸುವುದು ಬರೀ ಬಾಯಿಂದ. ಆ ಬಾಯಿಂದ ಬರುವುದರಲ್ಲಿ ಇಲ್ಲಿ ಬರೆಯಬಹುದಾದದ್ದು "ನಿನ್ನ ಹೆಣಾ ಎತ್ತಲಿ" ಎಂಬುದೊಂದೇ. ಉಳಿದವು ಕುದುರೆಯ ತಾಯಿ, ಅಜ್ಜಿ ಮತ್ತು ಅವರ ನಡತೆಗೆ ಸಂಬಂಧಿಸಿದವು. ಚಿಕ್ಕವನಿದ್ದಾಗ ಬೆಳಗ್ಗೆ ನನ್ನನ್ನು ಶಾಲೆಗೆ ಎಬ್ಬಿಸುತ್ತಿದ್ದದ್ದೂ ಇದೇ ಮಾತುಗಳಿಂದ. ಗೆಳೆಯರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಮೇಷ್ಟ್ರಾದ ಮೇಲೆ ಆ ನಾಚಿಕೆ ಕಡಿಮೆಯಾಗಲಿಲ್ಲ, ಅದಕ್ಕೆ ವ್ಯಾಕರಣ ಬಂತು.

ಸಭೆಯಲ್ಲಿ ನಿಯಮಗಳನ್ನು ಓದಿದೆ. ಗಡಿಯ ಕಡೆಯ ಸದಸ್ಯರಿಗಾಗಿ ಅಧ್ಯಕ್ಷರು ಮರಾಠಿಗೆ ತಿರುಗಿಸಿ ಹೇಳುತ್ತಿದ್ದರು. ನನ್ನ ಒಂಬತ್ತನೆಯ ನಿಯಮ ಅವರ ಬಾಯಲ್ಲಿ "ಶಿವ್ಯಾ ನಕೋ" ಎಂದು ಎರಡೇ ಶಬ್ದಗಳಲ್ಲಿ ಮುಗಿಯಿತು, ಬೈಗುಳ ಬೇಡ ಅಂತ. ಎಲ್ಲರೂ ಕೈಯೆತ್ತಿದರು. ಅಪ್ಪನೂ ಎತ್ತಿದರು. ತಾವು ಬೈಯುವವರೆಂಬ ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ.

ದಿಗ್ಗೇವಾಡಿ ಕಡೆ ನಡೆದ ಮೊದಲ ಶರ್ಯತ್ತಿನಲ್ಲೇ ಎರಡು ದೂರು ಬಂದವು. ಒಂದು, ಕುದುರೆ ಮತ್ತು ಎತ್ತನ್ನು ಜೋಡಿ ಕಟ್ಟಿದವನ ಮೇಲೆ. ಅವನು ವಿಚಾರಣೆಯಲ್ಲಿ ತಲೆ ತಗ್ಗಿಸಲಿಲ್ಲ.

"ನಾ ಬೈದದ್ದ ಎತ್ತಿಗ್ರಿ, ಕುದುರಿಗೆ ಅಲ್ಲ. ಎತ್ತಿನ ಬಗ್ಗೆ ರೂಲ್ಸಿನಾಗ ಎಲ್ಲಿ ಐತಿ, ತೋರಸ್ರಿ."

ಹನ್ನೊಂದು ಪುಟ ತಿರುವಿದೆ. ಎತ್ತು ಎಲ್ಲೂ ಇರಲಿಲ್ಲ. ಅವನನ್ನು ಬಿಟ್ಟುಬಿಟ್ಟೆವು.

ಎರಡನೆಯ ದೂರು ಅಪ್ಪನ ಮೇಲೆ. ಅವರಿಗೆ ಸೋತ ಕಾಗವಾಡ ಕಡೆಯ ಗಾಡಿಯವನು ಫೋನಿನಲ್ಲಿ ಎಲ್ಲವನ್ನೂ ಹಿಡಿದಿಟ್ಟಿದ್ದ. ನೋಟಿಸನ್ನು ಕಾರ್ಯದರ್ಶಿಯೇ ಖುದ್ದಾಗಿ ತಲುಪಿಸಿ ಸಹಿ ಪಡೆಯಬೇಕು, ಅದು ಹದಿನಾಲ್ಕನೆಯ ನಿಯಮ. ಕಾರ್ಯದರ್ಶಿ ನಾನೇ. ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ತಲುಪಿಸಿದೆ. ಅಪ್ಪ ಕುದುರೆಗೆ ಕಡಲೆ ನೆನೆಹಾಕುತ್ತಿದ್ದರು. ಕೈ ಒರೆಸಿಕೊಂಡು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಆಗದೆ ನನ್ನ ಕೈಗೇ ಕೊಟ್ಟು ಓದಿಸಿದರು.

"ಯಾರ ಬರದಾರ ಇದನ್ನ?"

"ನಾನ ಅಪ್ಪಾ."

"ಅಕ್ಷರ ಚಂದ ಅದಾವ," ಅಂದು ಸಹಿ ಮಾಡಿದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಂದಿನಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. "ಊಟಾ ಆತೇನ್ರಿ ಸಾಹೇಬ್ರ?" "ಸಾಲಿಗೆ ಹೊಂಟ್ರ್ಯಾ?" ಐವತ್ತರ ಹತ್ತಿರ ಬಂದ ಮಗನಿಗೆ ಹೆತ್ತಪ್ಪ ಕೊಡುವ ಮರ್ಯಾದೆ ಎಂಥ ಶಿಕ್ಷೆಯೆಂಬುದು ಯಾವ ಕ್ಲಬ್ಬಿನ ನಿಯಮಾವಳಿಯಲ್ಲೂ ಇಲ್ಲ. ಅವ್ವ ರೊಟ್ಟಿ ಬಡಿಯುತ್ತ ನನ್ನ ಕಡೆ ನೋಡದೆ, "ಇನ್ನ ಉಣ್ಣಾಕ ಕರಿಯಾಕೂ ನೋಟಿಸ್ ಕೊಡೂಣೇನ?" ಅಂದಳು.

ವಿಚಾರಣೆ ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ ನಡೆಯಿತು. ಫೋನಿನ ಧ್ವನಿಯನ್ನು ಎಲ್ಲರಿಗೂ ಕೇಳಿಸಲಾಯಿತು. ಸಮಿತಿಯವರು ಮೀಸೆಯಲ್ಲೇ ನಗುತ್ತ, ಎರಡು ಸಲ ಹಿಂದಕ್ಕೆ ಸರಿಸಿ ಕೇಳಿದರು.

"ನಾ ಬೈದಿಲ್ರಿ," ಅಂದರು ಅಪ್ಪ. "ಆಕಿ ಜೋಡಿ ಮಾತಾಡೇನಿ. ಮರಿ ಇದ್ದಾಗಿಂದ ಹಿಂಗ ಮಾತಾಡಿಸೇನಿ."

ಅಧ್ಯಕ್ಷರಿಗೆ ಅಪ್ಪನ ಮೇಲೆ ಪ್ರೀತಿ, ಆದರೆ ಅನುಮತಿಯ ಮೇಲೆ ಇನ್ನೂ ಹೆಚ್ಚು. "ಕಾಕಾ, ಆ ಹಾಟ್ಯಾ ರೂಲ್ಸ್ ಐತಲ್ಲ, ಅದರಾಗ ಸಿಕ್ಕೊಂಡೀವಿ. ಬೈಗುಳಾ ಬಿಡ್ರಿ, ಅದೊಂದ ಬಿಡ್ರಿ ಸಾಕು," ಎಂದು ಬೈಗುಳದ ಸಮೇತ ತೀರ್ಪು ಕೊಟ್ಟರು. ಈ ಸಲ ಎಚ್ಚರಿಕೆ, ಇನ್ನೊಮ್ಮೆ ಒಂದೇ ಶಬ್ದ ಬಂದರೂ ಸದಸ್ಯತ್ವ ಕಾಯಂ ರದ್ದು. ಕೋಣೆಯಲ್ಲಿ ಕುದುರೆ ಇರಲಿಲ್ಲವಾದ್ದರಿಂದ ಅಧ್ಯಕ್ಷರ ಮೇಲೆ ಕ್ರಮ ಜರುಗಿಸಲು ಬರುತ್ತಿರಲಿಲ್ಲ.

ಅಪ್ಪನಿಗೆ ಬೇಕಾಗಿದ್ದದ್ದು ಇನ್ನೊಂದೇ ಓಟ. ಹೆಣ್ಣು ಕುದುರೆ, ಕೆಂದು ಬಣ್ಣದ್ದು, ಅದಕ್ಕೂ ವಯಸ್ಸಾಗಿತ್ತು. ಚಿಂಚಲಿ ಕಡೆಯ ಶರ್ಯತ್ತಿನಲ್ಲಿ ಒಮ್ಮೆ ಓಡಿಸಿ, ಆಮೇಲೆ ಗಾಡಿಯನ್ನು ಬಿಚ್ಚಿಟ್ಟುಬಿಡುತ್ತೇನೆಂದು ಊರಿಗೆಲ್ಲ ಹೇಳಿದ್ದರು. ಆ ಒಂದು ಓಟಕ್ಕಾಗಿ ಹಿತ್ತಲಲ್ಲಿ ಸಭ್ಯತೆಯ ತಾಲೀಮು ಶುರುವಾಯಿತು. "ಓಡವ್ವಾ ತಾಯೀ," ಅನ್ನುತ್ತಿದ್ದರು. ಕುದುರೆ ಕಡಲೆ ಅಗಿಯುವುದನ್ನು ನಿಲ್ಲಿಸಿ, ಮನೆಗೆ ಯಾರೋ ಬೀಗರು ಬಂದಿದ್ದಾರೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಿತ್ತು. ನಾನು ಕಿಟಕಿಯಿಂದ ನೋಡಿ ಸರಿದುಬಿಡುತ್ತಿದ್ದೆ. ಹೋಗಿ, ನಿಯಮ ತೆಗೆದುಹಾಕುತ್ತೇನೆ ಬಿಡಪ್ಪಾ ಅನ್ನಬಹುದಿತ್ತು. ಅನ್ನಲಿಲ್ಲ. ಹನ್ನೊಂದು ಪುಟ ಬರೆದವನ ಸೊಕ್ಕು ಅಷ್ಟು ಬೇಗ ಇಳಿಯುವುದಿಲ್ಲ.

ಶರ್ಯತ್ತಿನ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಶುಭ್ರವಾದ ಉಡುಪು, ಏಳನೆಯ ನಿಯಮ. ಆರು ಗಾಡಿಗಳು ಸಾಲಾಗಿ ನಿಂತವು. ನಾನು ಫೈಲನ್ನು ಕಂಕುಳಲ್ಲಿಟ್ಟುಕೊಂಡು ಗೆರೆಯ ಪಕ್ಕದಲ್ಲಿದ್ದೆ. ಕಾಗವಾಡದವನ ಕಡೆಯವರು ಫೋನು ಹಿಡಿದು ಅಪ್ಪನ ಗಾಡಿಯ ಹತ್ತಿರವೇ ನಿಂತಿದ್ದರು. ನಿಶಾನೆ ಇಳಿಯಿತು. ಐದು ಗಾಡಿಗಳು ಧೂಳೆಬ್ಬಿಸಿಕೊಂಡು ಹೋದವು.

"ಹೋಗೂಣ್ರೆವ್ವಾ," ಅಂದರು ಅಪ್ಪ.

ಕುದುರೆ ಕತ್ತು ಹೊರಳಿಸಿ ಅವರನ್ನು ನೋಡಿತು. "ಹೋಗೂಣ್ರೆವ್ವಾ ತಾಯೀ, ನಡೀರಿ," ಅಂದರು ಇನ್ನೊಮ್ಮೆ. ಅದು ಕಿವಿ ಹಿಂದಕ್ಕೆ ಮಾಡಿ ನಿಂತೇ ಇತ್ತು. ತನ್ನ ಗಾಡಿಯ ಮೇಲೆ ಯಾರೋ ಪರಕೀಯ ಹತ್ತಿದ್ದಾನೆಂದು ಅದಕ್ಕೆ ಖಾತ್ರಿಯಾಗಿರಬೇಕು. ಜನ ಮೊದಲು ಕಿಸಕ್ಕೆಂದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಯಾರನ್ನೂ ನೋಡಲಿಲ್ಲ. ತುಟಿಗಳನ್ನು ಬಿಗಿದುಕೊಂಡಿದ್ದರು, ಎಲ್ಲಿ ಏನಾದರೂ ಹೊರಬಿದ್ದೀತೋ ಎಂದು.

ಆ ತುಟಿಗಳನ್ನು ಹಾಗೆ ಹೊಲಿದವನು ನಾನು. ನನಗೆ ತಡೆಯಲಾಗಲಿಲ್ಲ.

"ನಿನ್ನ ಹೆಣಾ ಎತ್ತಲಿ! ಯಾರ ಸತ್ತಾರಂತ ನಿಂತೀ ಬೇ? ಓಡ!"

ನನ್ನ ಗಂಟಲಿಂದ ಬಂದದ್ದು ಅಪ್ಪನ ದನಿಯೇ. ಅದರ ಹಿಂದೆಯೇ ತಾಯಿ, ಅಜ್ಜಿ, ಅವರ ನಡತೆ, ಎಲ್ಲವೂ ಬಂದವು. ಒಂದೂ ಮರೆತಿರಲಿಲ್ಲ. ಎದುರಿಗೆ ನನ್ನ ಒಂಬತ್ತನೇ ತರಗತಿಯ ಅರ್ಧ ವರ್ಗ ನಿಂತಿತ್ತು. ಕುದುರೆಯ ಕಿವಿ ನಿಮಿರಿತು, ಮೈ ಒಮ್ಮೆ ಕಂಪಿಸಿತು, ಮರುಕ್ಷಣ ಗಾಡಿ ಗೆರೆಯ ಮೇಲಿರಲಿಲ್ಲ. ನಾನು ಫೈಲು ಬಿಸಾಕಿ, ಬೈಯುತ್ತ, ಉಸಿರಿರುವಷ್ಟು ದೂರ ಪಕ್ಕದಲ್ಲೇ ಓಡಿದೆ.

ಗೆಲ್ಲಲಿಲ್ಲ. ನಾಲ್ಕನೆಯದಾಗಿ ಬಂತು. ಅಪ್ಪ ಕೆಳಗಿಳಿದು ಅದರ ಬೆವೆತ ಕತ್ತಿಗೆ ಕೆನ್ನೆ ಹಚ್ಚಿ ಬಹಳ ಹೊತ್ತು ನಿಂತರು. ನಾನು ಹತ್ತಿರ ಹೋಗಲಿಲ್ಲ.

ಮರುದಿನ ಬೆಳಗ್ಗೆ ಅಪ್ಪ ಒಂದು ಕಾಗದ ಹಿಡಿದು ಬಂದು ನನ್ನ ಮುಂದೆ ಕೂತರು. ಕಣ್ಣು ಸರಿಯಾಗಿ ಕಾಣದೆ ಬರೆದ ದಪ್ಪ ಅಕ್ಷರಗಳು, ಒಂದು ಸಾಲು ಇನ್ನೊಂದರ ಮೇಲೆ ಹತ್ತಿತ್ತು. ಕಾಗವಾಡದವನು ಹೇಗೂ ದೂರು ಕೊಡುತ್ತಿದ್ದ, ಅಪ್ಪ ಅವನಿಗಿಂತ ಮೊದಲು ಕೊಟ್ಟಿದ್ದರು. 'ಸಂಘದ ಕಾರ್ಯದರ್ಶಿ ನನ್ನ ಕುದುರಿ ಮುಂದ ಬ್ಯಾಡಾದ ಮಾತ ಆಡ್ಯಾರ. ರೂಲ್ ಒಂಬತ್ತು. ಕ್ರಮ ತಗೋಬೇಕು. ಮೆಂಬರ್ ನಂಬರ್ ಒಂದು.'

ನಾನು ಓದಿ ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ನೋಟಿಸು ಬರೆಯಬೇಕಾದವನು ನಾನು, ಖುದ್ದಾಗಿ ತಲುಪಿಸಬೇಕಾದವನು ನಾನು, ಸಹಿ ಮಾಡಬೇಕಾದವನೂ ನಾನೇ. ಸಮಿತಿ ನನ್ನನ್ನು ಶಿಕ್ಷೆಯಿಲ್ಲದೆ ಬಿಡುವುದಿಲ್ಲವೆಂಬುದೂ ಗೊತ್ತಿತ್ತು. ಕಾಗದವನ್ನು ಇನ್ನೊಮ್ಮೆ ಮೊದಲಿನಿಂದ ಓದಿ, ಮತ್ತೆ ಅವರ ಮುಖ ನೋಡಿದೆ.

"ಏನ್ ಬಾಯಿ ತಕ್ಕೊಂಡ ನೋಡಾಕತ್ತೀಲೇ?" ಅಂದರು ಅಪ್ಪ. "ನಿನ್ನ ಹೆಣಾ ಎತ್ತಲಿ, ಸಿಕ್ಕಾ ಹೊಡಿ."

ನಾನು ಸಂಘದ ಮೊಹರು ಒತ್ತಿ ದೂರನ್ನು ಸ್ವೀಕರಿಸಿದೆ.