ಹುಲ್ಲಿನಲ್ಲಿ ಮಾಗಿದ್ದು ಅಂತ ಬರೆದವಳು

ಶ್ರೀನಿವಾಸಪುರ ಬಸ್ ಸ್ಟ್ಯಾಂಡಿನ ಹಿಂದೆ ಶಿರೀಷಾ ಒಂದು ಇಂಟರ್‌ನೆಟ್ ಸೆಂಟರ್ ಇಟ್ಟುಕೊಂಡಿದ್ದಳು. ಎರಡು ಸಾವಿರದ ಎಂಟರ ಮೇ ತಿಂಗಳು. ಒಂದು ಬೆಳಿಗ್ಗೆ ಬಾಗಿಲು ತೆಗೆದು ಕಂಪ್ಯೂಟರ್ ಹಾಕಿದರೆ, ಆಗಿನ ಜನಪ್ರಿಯ ಜಾಲತಾಣ ಆರ್ಕುಟ್‌ನಲ್ಲಿ ಅವಳೇ ಮಾವಿನ ಗಿರಾಕಿಗಳಿಗಾಗಿ ನಡೆಸುತ್ತಿದ್ದ ಕಮ್ಯುನಿಟಿಯಲ್ಲಿ ಶ್ರೀಪ್ರಿಯಾ ಎನ್ನುವ ಬೆಂಗಳೂರಿನ ಹೆಂಗಸು ಬರೆದಿದ್ದರು:

“ನೀವು ಕಳಿಸಿದ ಮಾವಿನ ಪೆಟ್ಟಿಗೆಯ ತಳದಲ್ಲಿ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಬೂದಿ ಬಣ್ಣದ ಪುಡಿ, ಬೆಳ್ಳುಳ್ಳಿಯಂಥ ವಾಸನೆ. ಹಣ್ಣು ತಿಂದ ನಮ್ಮತ್ತೆಗೆ ಬಾಯಿ, ಗಂಟಲು ಎಲ್ಲ ಉರಿ. ಇದೇನಾ ನೀವು ಹೇಳುವ ಹುಲ್ಲಿನಲ್ಲಿ ಮಾಗಿದ ಹಣ್ಣು?”

ಶಿರೀಷಾಳ ಕಿವಿ ಬಿಸಿಯಾಯಿತು. ಹಣ್ಣನ್ನು ಬೇಗ ಹಳದಿ ಮಾಡಲು ಇಡುವ ಕಾರ್ಬೈಡ್ ಪುಡಿ ಅದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ತಮ್ಮ ಮನೆಯೊಳಗೆ ಕಾಲಿಟ್ಟಿಲ್ಲ ಎಂದೂ ಅವಳು ಅಷ್ಟೇ ಖಂಡಿತವಾಗಿ ನಂಬಿದ್ದಳು. ಹಿಂದೆಮುಂದೆ ನೋಡದೆ ಉತ್ತರ ಬರೆದಳು: “ಇದು ಸುಳ್ಳು. ಬೇರೆ ಯಾರದೋ ಪೆಟ್ಟಿಗೆ ತೋರಿಸಿ ನಮ್ಮ ಹೆಸರು ಕೆಡಿಸಬೇಡಿ.”

ಅವಳ ಕೋಪಕ್ಕೆ ಕಾರಣವಿತ್ತು. ಗೌನಿಪಲ್ಲಿಯಲ್ಲಿ ಅವಳ ಅಪ್ಪ ಆವಲಪ್ಪನ ಮಾವಿನ ತೋಟವಿತ್ತು. ವರ್ಷ ವರ್ಷವೂ ಕಾಯಿ ಸಗಟು ಮಂಡಿಗೆ ಹೋಗುತ್ತಿತ್ತು, ಮಂಡಿಯವರು ಹೇಳಿದ್ದೇ ಬೆಲೆ. ಕೋಲಾರದಲ್ಲಿ ಬಿ.ಕಾಂ. ಓದಿ ಬಂದ ಶಿರೀಷಾ ಸೆಂಟರ್ ತೆಗೆದ ಮೇಲೆ, ಬಿಡುವಿನಲ್ಲಿ ತೋಟದ ಚಿತ್ರಗಳನ್ನು ಆರ್ಕುಟ್‌ಗೆ ಹಾಕತೊಡಗಿದಳು. ಹೂ ಬಿಟ್ಟ ಮರ, ಗೋಲಿ ಗಾತ್ರದ ಎಳೆಗಾಯಿಯ ಈಚು, ಕಾಯಿಯನ್ನು ಅಡೆ ಹಾಕಿ ಮಾಗಿಸಲು ತಂದ ಭತ್ತದ ಹುಲ್ಲು. ಬೆಂಗಳೂರಿನಿಂದ ಯಾರೋ ಕೇಳಿದರು, “ಈ ಹಣ್ಣು ನಮಗೂ ಸಿಗುತ್ತದಾ?” ಹಾಗೆ ಶುರುವಾದದ್ದು ಕಮ್ಯುನಿಟಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಅವಳು ಒಬ್ಬೊಬ್ಬರಿಗೂ ತಾನೇ ಉತ್ತರ ಕೊಡುತ್ತಿದ್ದಳು. ಆಲಿಕಲ್ಲು ಬಿದ್ದು ಕಾಯಿ ಉದುರಿದರೆ ಉದುರಿತು ಎನ್ನುತ್ತಿದ್ದಳು. ನಾರು ಜಾಸ್ತಿ ಎಂದರೆ, “ಆ ಮರದ್ದು ಹಾಗೇ, ಮುಂದಿನ ಸಲ ಬೇರೆ ಮರದ್ದು ಕಳಿಸ್ತೀನಿ” ಎನ್ನುತ್ತಿದ್ದಳು. ಕಂಡರಿಯದ ಜನ ಆವಲಪ್ಪನ ಕಾಲುನೋವು ಹೇಗಿದೆ ಎಂದು ಕೇಳುವಷ್ಟು ಹತ್ತಿರವಾಗಿದ್ದರು.

ಆ ಜನವೇ ಈಗ ಶ್ರೀಪ್ರಿಯಾ ಅವರ ಮೇಲೆ ಬಿದ್ದರು. ಮಧ್ಯಾಹ್ನದೊಳಗೆ ಬರಹದ ಕೆಳಗೆ ಉತ್ತರಗಳ ಸಾಲೇ ಬೆಳೆದಿತ್ತು. ಒಬ್ಬ, ಈಕೆ ಯಾವುದೋ ಹಣ್ಣಿನಂಗಡಿಯ ಕಡೆಯವಳು ಎಂದ. ಇನ್ನೊಬ್ಬ ಆಕೆಯ ಆಲ್ಬಮ್ಮಿಗೆ ಹೋಗಿ, ಮಗಳ ಫೋಟೊ ನೋಡಿ ಲೇವಡಿ ಮಾಡಿದ್ದ. ಶ್ರೀಪ್ರಿಯಾ ಒಂದೇ ಉತ್ತರ ಕೊಟ್ಟರು: “ನಾನು ಸುಳ್ಳು ಹೇಳುತ್ತಿಲ್ಲ. ಪೊಟ್ಟಣದ ಚಿತ್ರ ಹಾಕಿದ್ದೇನೆ, ನೋಡಿ.”

ಶಿರೀಷಾ ನೋಡಿದಳು. ಹರಿದ ಪತ್ರಿಕೆಯ ಕಾಗದದಲ್ಲಿ ಪುಡಿ ಕಟ್ಟಿತ್ತು. ಪತ್ರಿಕೆ ತೆಲುಗಿನದು.

“ನೋಡಿದ್ರಾ, ತೆಲುಗು ಪೇಪರ್! ಇದು ಆಂಧ್ರದ ಹಣ್ಣು, ಶಿರೀಷಾ ಅಕ್ಕಂದಲ್ಲ” ಎಂದು ಕೆಳಗೆ ಯಾರೋ ಸಂಭ್ರಮದಿಂದ ಬರೆದಿದ್ದರು. ಹತ್ತಾರು ಜನ ಹೌದು ಹೌದು ಎಂದಿದ್ದರು.

ಶಿರೀಷಾ ಚಿತ್ರವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದಳು. ಗಡಿ ಪಕ್ಕದ ಗೌನಿಪಲ್ಲಿಯಲ್ಲಿ ಅವರ ಮನೆಗೆ ದಿನಾ ಬರುತ್ತಿದ್ದದ್ದು ತೆಲುಗು ಪತ್ರಿಕೆಯೇ. ಆವಲಪ್ಪನಿಗೆ ಓದಲು ಬರುತ್ತಿದ್ದದ್ದೂ ಆ ಅಕ್ಷರವೊಂದೇ.

ಪಕ್ಕದ ಜೆರಾಕ್ಸ್ ಅಂಗಡಿಯವರಿಗೆ ಬೀಗದ ಕೈ ಕೊಟ್ಟು ಸಿಕ್ಕಿದ ಬಸ್ ಹತ್ತಿದಳು. ಊರು ತಲುಪುವವರೆಗೂ, ಪುಡಿ ಬೇರೆಯವರದ್ದೇ ಆಗಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದಳು.

ತಮ್ಮ ಸೀನ ತೋಟದ ಶೆಡ್ಡಿನಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಮಂಡಿ, ಟೆಂಪೊ, ಕೂಲಿಯವರು ಎಲ್ಲ ನೋಡಿಕೊಳ್ಳುತ್ತಿದ್ದವನು ಅವನೇ.

“ಸೀನಾ, ಹೋದ ಶನಿವಾರದ ಪೆಟ್ಟಿಗೆಗೆ ಏನ್ ಹಾಕ್ದೆ?”

“ಏನ್ ಹಾಕ್ತಾರಕ್ಕಾ? ಹುಲ್ಲು.”

“ನನ್ ಮುಖ ನೋಡ್ಕೊಂಡು ಹೇಳೋ.”

ಸೀನ ಸುತ್ತಿಗೆ ಕೆಳಗಿಟ್ಟ. ಆಮೇಲೆ ರೇಗಿದ. “ನೀನೇ ಬರ್ದಿದ್ದೆ ಕಣಕ್ಕಾ, ಶನಿವಾರ ಬಂದೇ ಬರ್ತದೆ ಅಂತ. ಎಲ್ರಿಗೂ ಮಾತು ಕೊಟ್ಟಿದ್ದೆ. ಇಲ್ಲಿ ಮಳೆ ಹಿಡ್ಕೊಂಡು ಹುಲ್ಲೆಲ್ಲಾ ತ್ಯಾವ, ಕಾಯಿ ಕಲ್ಲಿದ್ದಂಗಿದ್ವು. ನಾನೇನ್ ಮಾಡ್ಲಿ? ಗೋಡೆ ಕಡೆ ಇದ್ದ ಪೆಟ್ಟಿಗೆಗಳಿಗೆ ಮಾತ್ರ ಪುಡಿ ಇಟ್ಟೆ. ಕಳ್ಸೋವಾಗ ತೆಗ್ದಿದ್ದೆ. ಒಂದು ಉಳ್ಕೊಂಡಿರ್ಬೇಕು.”

“ಎಲ್ಲಿ ತಂದೆ?”

“ಚನ್ನರಾಯಪ್ಪನೋರ ಮಂಡಿಲಿ. ಯಾರ್ ಇಡಲ್ಲ ಹೇಳು? ಈಗ ಏನಾಯ್ತು, ಎಲ್ರೂ ನಿನ್ ಕಡೆನೇ ಅವ್ರಲ್ಲ. ಆಯಮ್ಮ ಬರ್ದಿದ್ದು ತೆಗ್ದಾಕು. ನೀನೇ ಓನರ್ರು, ಒಂದು ಒತ್ತು ಒತ್ತಿದ್ರೆ ಮುಗೀತು.”

ಶೆಡ್ಡಿನ ಹೊರಗಿನ ಜಗಲಿಯ ಮೇಲೆ ಕೂತಿದ್ದ ಆವಲಪ್ಪನಿಗೆ ಎಲ್ಲ ಕೇಳಿಸಿತ್ತು. ಅವನಿಗೂ ಇದು ಹೊಸ ಸುದ್ದಿ. ಮಗನನ್ನು ಬೈಯಲಿಲ್ಲ. “ಎವರಿಕೀ ಚೆಪ್ಪೊದ್ದಮ್ಮಾ” ಎಂದ. ಯಾರಿಗೂ ಹೇಳಬೇಡ. “ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ.”

ಮರುದಿನ ಶಿರೀಷಾ ಸೆಂಟರಿಗೆ ಬಂದಾಗ ಶ್ರೀಪ್ರಿಯಾ ಕೊನೆಯದಾಗಿ ಬರೆದಿದ್ದರು: “ಸಾಕು. ನನ್ನ ಮಗಳನ್ನೂ ಬಿಡುತ್ತಿಲ್ಲ ನೀವು. ನಾನು ಹೋಗುತ್ತೇನೆ.” ಅದರ ಕೆಳಗೇ ಹಳೆಯ ಗಿರಾಕಿಯೊಬ್ಬರು, “ಅಕ್ಕಾ, ಓಡಿಸಿಬಿಟ್ಟೆವು. ನೀವು ತಲೆ ಕೆಡಿಸ್ಕೋಬೇಡಿ” ಎಂದು ನಗುವ ಮುಖ ಹಾಕಿದ್ದರು.

ಶಿರೀಷಾ ಆ ನಗುವ ಮುಖವನ್ನು ದಾಟಿ ಕೆಳಗೆ ಸರಿದು ಬರೆಯುವ ಚೌಕ ತೆರೆದಳು. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಸೀನ ಉಳಿಯುತ್ತಾನೆ, ಅಪ್ಪ ಉಳಿಯುತ್ತಾನೆ, ಉಳಿದ ಫಸಲೂ ಮಾರಿಹೋಗುತ್ತದೆ. ಆದರೆ ಆ ಶನಿವಾರದ ಪೆಟ್ಟಿಗೆಗಳಲ್ಲಿ ಕೆಲವು ಇನ್ನೂ ಯಾರ ಯಾರದೋ ಅಡುಗೆಮನೆಯಲ್ಲಿರಬಹುದು. ಯಾವ ಮನೆಯಲ್ಲಿ ಯಾವ ಮಗು ಕೈ ಹಾಕುತ್ತಿದೆಯೋ.

ಬರೆಯತೊಡಗಿದಳು. ಅರ್ಧ ಬರೆದಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಹಳೆಯ ಬ್ಯಾಟರಿ, ಯಾವ ಗಳಿಗೆಯಲ್ಲಾದರೂ ಕೈಕೊಡುತ್ತಿತ್ತು. ರಿಸಲ್ಟ್ ನೋಡಲು ಬಂದಿದ್ದ ಹುಡುಗಿಯರು ಮೇಡಂ ಮೇಡಂ ಎಂದು ಕೂಗಿಕೊಂಡರು. ಶಿರೀಷಾ ತಲೆ ಎತ್ತದೆ ಟೈಪು ಮಾಡಿದಳು:

“ಶ್ರೀಪ್ರಿಯಾ ಅವರು ಹೇಳಿದ್ದು ನಿಜ. ಪೊಟ್ಟಣ ನಮ್ಮದೇ. ಮಳೆಗೆ ಹಣ್ಣು ಮಾಗಲಿಲ್ಲ, ನಾನು ಶನಿವಾರ ಅಂತ ಮಾತು ಕೊಟ್ಟಿದ್ದೆ, ನಮ್ಮ ಮನೆಯವರೇ ಕಾರ್ಬೈಡ್ ಇಟ್ಟರು. ನಮ್ಮ ಕಡೆ ಮಂಡಿಯಲ್ಲಿ ಅದು ಉಪ್ಪು ಸಿಕ್ಕಿದ ಹಾಗೆ ಸಿಗುತ್ತದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರನ್ನು ಸುಳ್ಳುಗಾರ್ತಿ ಅಂದೆ. ಆ ಶನಿವಾರ ಪೆಟ್ಟಿಗೆ ತೆಗೆದುಕೊಂಡವರು ಉಳಿದ ಹಣ್ಣು ತಿನ್ನಬೇಡಿ, ಎಸೆಯಿರಿ. ಅವರ ಮೇಲೆ, ಅವರ ಮಗಳ ಮೇಲೆ ಬರೆದದ್ದನ್ನು ನೀವೇ ತೆಗೆಯಿರಿ.”

ಕಳಿಸುವ ಗುಂಡಿ ಒತ್ತಿದಳು. ಪರದೆ ಬಿಳಿಯಾಯಿತು, ಮರುಕ್ಷಣ ಕಪ್ಪಾಯಿತು. ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಹುಡುಗಿಯರು ಬೇಸತ್ತು ಎದ್ದುಹೋದರು. ಹೋಗದೇ ಇದ್ದರೆ ಇನ್ನೊಮ್ಮೆ ಬರೆಯುವ ಧೈರ್ಯ ತನಗಿದೆಯೇ ಎಂದು ಅವಳು ಕಪ್ಪು ಪರದೆಯ ಮುಂದೆ ಕೂತೇ ಇದ್ದಳು. ಕರೆಂಟ್ ಬಂದು ಪುಟ ತೆರೆದಾಗ ಅವಳ ಬರಹ ಅಲ್ಲಿತ್ತು. ಕೆಳಗೆ ಜನರೂ ಬಂದಿದ್ದರು. “ನಿಮ್ಮನ್ನು ಮನೆಯವರಂತೆ ನಂಬಿದ್ದೆವು.” “ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದು ದೊಡ್ಡದಲ್ಲ.” ಓಡಿಸಿಬಿಟ್ಟೆವು ಎಂದಿದ್ದವರು ಮಾತಿಲ್ಲದೆ ಕಮ್ಯುನಿಟಿ ಬಿಟ್ಟುಹೋಗಿದ್ದರು. ಅವಳು ಯಾರಿಗೂ ಎದುರಾಡಲಿಲ್ಲ. ಕೇಳಿದವರಿಗೆಲ್ಲ ಗೊತ್ತಿದ್ದಷ್ಟು ಹೇಳಿದಳು. ಶ್ರೀಪ್ರಿಯಾ ಅವರ ನಂಬರಿಗೆ ಫೋನ್ ಮಾಡಿದಳು, ಆಕೆ ಎತ್ತಲಿಲ್ಲ.

ಸಂಜೆ ಶಿರೀಷಾ ಮನೆಗೆ ಬರುವ ಹೊತ್ತಿಗೆ, ಯಾರೋ ತೆಗೆಸಿದ ಆ ಬರಹದ ಪ್ರಿಂಟು ಗೌನಿಪಲ್ಲಿ ತಲುಪಿತ್ತು. ಮಂಡಿಯ ಚನ್ನರಾಯಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮನೆ ಮುಂದೆ ಬಂದು ನಿಂತ. ಹಿಂದೆ ಊರಿನ ತೋಟದವರು ಒಂದಷ್ಟು ಜನ.

“ಆವಲಪ್ಪಾ, ನಿನ್ ಮಗಳು ಓದ್ಕೊಂಡಿದ್ದು ಊರೋರ ಹೊಟ್ಟೆ ಮೇಲೆ ಹೊಡಿಯಕ್ಕಾ? ಮಂಡಿಲಿ ಉಪ್ಪು ಸಿಕ್ಕಂಗೆ ಸಿಗ್ತದಂತೆ! ನಾಳೆ ಬೆಂಗಳೂರೋರು ನಮ್ ಕಡೆ ಹಣ್ಣೇ ಬೇಡ ಅಂದ್ರೆ ಯಾರ್ ಹೊಣೆ?”

“ಮಂಡಿ ಹೆಸರು ಬರ್ದಿಲ್ಲಣ್ಣ” ಎಂದಳು ಶಿರೀಷಾ. “ಸುಳ್ಳಾಗಿದ್ರೆ ಹೇಳಿ, ಈಗ್ಲೇ ತೆಗೀತೀನಿ.”

“ಏಮೇ, ನನ್ನೇ ಕೇಳ್ತೀಯಾ? ನಿಮ್ ಕಾಯಿ ನನ್ ಮಂಡಿಗೆ ಬರಕೂಡದು. ಯಾವ್ ಟೆಂಪೊದೋನು ನಿಮ್ ಪೆಟ್ಟಿಗೆ ಹತ್ತಿಸ್ಕೊಳ್ತಾನೋ ನೋಡ್ತೀನಿ.”

ಸೀನ ಮುಂದೆ ಬಂದ. ಕೈ ಮಿಲಾಯಿಸುವುದೇ ಬಾಕಿ. ಶಿರೀಷಾ ಅವನ ರಟ್ಟೆ ಹಿಡಿದುಕೊಂಡಳು. ಆಗ ಆವಲಪ್ಪ ಚನ್ನರಾಯಪ್ಪನ ಕಡೆ ತಿರುಗದೆ ಮಗಳನ್ನು ಕೇಳಿದ:

“ಹಣ್ಣು ತಿಂದ ಆ ಮುದುಕಮ್ಮ ಹೆಂಗವ್ಳೆ?”

ಶಿರೀಷಾಳಿಗೆ ಗೊತ್ತಿರಲಿಲ್ಲ. ನೆರೆದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಾಳೆ ಹೋಗಿ ನೋಡ್ಕೊಂಡು ಬಾ” ಎಂದ ಆವಲಪ್ಪ. ಚನ್ನರಾಯಪ್ಪ ಕಾಗದವನ್ನು ಅಂಗಳದಲ್ಲಿ ಬಿಸಾಕಿ ಹೊರಟುಹೋದ.

ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಬೆಂಗಳೂರಿಗೆ ಹೋದಳು. ಹಣ್ಣು ತಲುಪಿಸಿದ ವಿಳಾಸ ಸೀನನ ಬಳಿಯಿತ್ತು. ಅವನು ಅದನ್ನು ಚೀಟಿಯಲ್ಲಿ ಬರೆದುಕೊಟ್ಟನೇ ಹೊರತು ಮಾತಾಡಿರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಆಸ್ಪತ್ರೆಯ ಮಂಚವೇ ಕಣ್ಣಿಗೆ ಕಟ್ಟುತ್ತಿತ್ತು.

ಬಾಗಿಲು ತೆಗೆದದ್ದು ಶ್ರೀಪ್ರಿಯಾ. ಹೆಸರು ಹೇಳುತ್ತಲೇ ಆಕೆಯ ಮುಖ ಗಂಟಿಕ್ಕಿತು. ಒಳಗೆ ಬನ್ನಿ ಎನ್ನಲಿಲ್ಲ.

“ನಿಮ್ಮತ್ತೆಯೋರು…” ಎಂದು ಶಿರೀಷಾ ತಡವರಿಸಿದಳು.

“ಯಾರೇ ಅದು?” ಒಳಗಿನಿಂದ ಗಟ್ಟಿ ದನಿ ಬಂತು. ಅದು ಅತ್ತೆಯ ದನಿಯೇ ಇರಬೇಕು ಎಂದುಕೊಂಡು ಶಿರೀಷಾ, “ಗೌನಿಪಲ್ಲಿಯಿಂದ ಬಂದಿದ್ದೀನಮ್ಮ” ಎಂದಳು.

ಅತ್ತೆ ಅನಸೂಯಮ್ಮ ಮುಳಬಾಗಿಲಿನ ಕಡೆಯವರು. ಗೌನಿಪಲ್ಲಿಯವಳು ಎಂದು ತಿಳಿದು, “ನಮ್ಮ ಸೀಮೆ ಹುಡುಗಿನ ಹೊಸ್ತಿಲಲ್ಲೇ ನಿಲ್ಸಿದೀಯಲ್ಲೇ, ಒಳಗೆ ಕರಿಯೇ” ಎಂದರು. “ಏನೂ ಆಗಿಲ್ಲಮ್ಮ ನಂಗೆ. ಬಾಯೆಲ್ಲ ಗುಳ್ಳೆ ಎದ್ದಿತ್ತು, ಮಜ್ಜಿಗೇಲೇ ಕಾಲ ಹಾಕ್ದೆ. ಡಾಕ್ಟ್ರು ಔಷಧ ಕೊಟ್ರು, ಇಳೀತು.”

ಶಿರೀಷಾ ಕ್ಷಮೆ ಕೇಳಿದಳು. ಅನಸೂಯಮ್ಮ ಪರವಾಗಿಲ್ಲ ಎಂದು ಕೈ ಆಡಿಸಿದರು. ಶ್ರೀಪ್ರಿಯಾ ಬಿಡಲಿಲ್ಲ.

“ಉರಿ ಇಳೀತು, ಸರಿ. ನೀವು ನನ್ನ ಸುಳ್ಳುಗಾರ್ತಿ ಅಂದಿರಿ. ಅಷ್ಟು ಜನ ನನ್ನ ಮಗಳ ಫೋಟೊ ಇಟ್ಕೊಂಡು ಆಡ್ಕೊಂಡ್ರು. ಅವರೆಲ್ಲ ನಿಮ್ಮ ಮಾತು ಕೇಳೋ ಜನ. ಆಗಲೇ ಒಂದ್ಮಾತು, ನಿಲ್ಲಿಸಿ ಅಂತ ಬರೀಬಹುದಿತ್ತಲ್ವಾ? ಪುಡಿ ನಿಮ್ಮದಲ್ಲ ಅಂತ್ಲೇ ಇಟ್ಕೊಳ್ಳಿ, ಆಗ್ಲೂ ಬರೀಬಹುದಿತ್ತು.”

“ಹೌದು, ಬರೀಬೇಕಿತ್ತು” ಎಂದಷ್ಟೇ ಹೇಳಿ ಶಿರೀಷಾ ಎದ್ದಳು.

ಆ ವರ್ಷ ಉಳಿದ ಕಾಯಿ ಗಡಿ ದಾಟಿ ಮದನಪಲ್ಲಿಗೆ ಹೋಯಿತು, ಸಿಕ್ಕಿದ ಬೆಲೆಗೆ. ಸೀನ ಮಳೆಗಾಲ ಮುಗಿಯುವವರೆಗೆ ಅಕ್ಕನೊಡನೆ ಮಾತು ಬಿಟ್ಟಿದ್ದ. ಕಮ್ಯುನಿಟಿಯಲ್ಲಿ ಅರ್ಧಕ್ಕರ್ಧ ಜನ ಉಳಿಯಲಿಲ್ಲ. ಆ ಜಗಳದ ಬರಹವನ್ನು ತೆಗೆದುಹಾಕು ಎಂದು ಹಲವರು ಹೇಳಿದರೂ ಶಿರೀಷಾ ತೆಗೆಯಲಿಲ್ಲ. ಶ್ರೀಪ್ರಿಯಾ ಅವರ ಮಗಳ ಮೇಲಿದ್ದ ಮಾತುಗಳನ್ನು ಮಾತ್ರ ಒಂದೊಂದಾಗಿ ಅಳಿಸಿದಳು, ಅಳಿಸಿದ್ದು ತಾನೇ ಎಂದು ಬರೆದಳು. ಯಾರನ್ನಾದರೂ ಹೀಯಾಳಿಸಿದವರಿಗೆ ಹಣ್ಣಿಲ್ಲ ಎಂದು ಹೊಸದಾಗಿ ಸೇರುವವರಿಗೆಲ್ಲ ಮೊದಲೇ ಹೇಳತೊಡಗಿದಳು.

ಮುಂದಿನ ವರ್ಷ ಹಣ್ಣು ಮಾಗಿದ ಮೇಲಷ್ಟೇ ಕಳಿಸುವ ದಿನ ತಿಳಿಸುತ್ತಿದ್ದಳು. ಕೆಲವರು ಕಾಯಲಾರದೆ ಬೇರೆ ಕಡೆ ಕೊಂಡರು. ಕೆಲವರು ಬೈದುಕೊಂಡೇ ಕಾದರು. ಶ್ರೀಪ್ರಿಯಾ ಮತ್ತೆಂದೂ ಅಲ್ಲಿಗೆ ಬರಲಿಲ್ಲ.

ಆದರೆ ಆ ಬೇಸಿಗೆಯ ಆರಂಭದಲ್ಲಿ, ಕಾಯಿ ಇನ್ನೂ ಹುಳಿ ಇದ್ದಾಗ, ಸೆಂಟರಿಗೆ ಒಂದು ಫೋನ್ ಬಂತು. ಅನಸೂಯಮ್ಮ.

“ಉಪ್ಪಿನಕಾಯಿಗೆ ಒಳ್ಳೇ ಕಾಯಿ ಇದ್ರೆ ಕಳ್ಸಮ್ಮ. ಸೊಸೆಗೆ ಹೇಳೇ ತರಿಸ್ತಿರೋದು. ಕಾಯಿಗಾದ್ರೆ ಯಾವ ಪುಡಿನೂ ಬೇಕಾಗಲ್ವಲ್ಲ, ಅಂದ್ಲು.”

ಶಿರೀಷಾ ನಗಬೇಕೋ ಬೇಡವೋ ತಿಳಿಯದೆ, “ಎಷ್ಟು ಬೇಕು ಹೇಳಿ” ಎಂದಳು.