ಬಚ್ಚಲ ಮಾಳಿಗೆಯ ಗಡಿಗೆ

ಹೋದ ಸೋಮವಾರ ಬೆಳಿಗ್ಗೆ ನಾನು ನನ್ನ ಮೊಮ್ಮಗನ ಸ್ನಾನದ ನೀರಿನಲ್ಲಿ ಒಂದು ವರ್ಷದ ಮಸಿ ಕೆಡವಿದೆ.

ಚಿಟಿಕೆಯಷ್ಟಲ್ಲ, ಬುಟ್ಟಿ ತುಂಬುವಷ್ಟು. ಹಂಡೆಯ ನೀರು ಕಾದು ಹದಕ್ಕೆ ಬಂದಿತ್ತು. ಕೂಸಿಗೆ ಎಣ್ಣೆ ತಿಕ್ಕಿ ಆಗಿತ್ತು. ನನ್ನ ಅಕ್ಕ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಬಂದು ನೋಡುತ್ತಾಳೆ: ನೀರು ಕಪ್ಪು, ನೆಲ ಕಪ್ಪು, ಬಿದಿರಿನ ಗಳ ಹಿಡಿದು ನಿಂತ ತಮ್ಮನೂ ಕಪ್ಪು. (ಹಣೆಯ ವಿಭೂತಿಯಾದರೂ ಬಿಳಿ ಉಳಿಯಬೇಕಿತ್ತು. ಅದೂ ಉಳಿದಿರಲಿಲ್ಲ.)

"ತಮ್ಮಾ, ಇದು ನೀನೋ, ಹಂಡೇದ ತಳಾನೋ?" ಅಂದಳು.

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಬಾಯಲ್ಲೂ ಮಸಿ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ಗೊತ್ತು, ಶಿವರಾತ್ರಿಯಾದ ಮೇಲೆ ಬಹಳ ವಾರ ನಾನು ಏನೂ ಬರೆಯಲಿಲ್ಲ. ಹೆಂಡತಿ ತೀರಿಕೊಂಡಳು. ಆಕೆಗೆ ಮಣ್ಣು ಕೊಟ್ಟು ಬಂದ ಮೇಲೆ ಅಂಗಡಿ ತೆರೆದೆ, ಗಿರಾಕಿಗಳಿಗೆ ಬಟ್ಟೆ ಅಳೆದು ಕೊಟ್ಟೆ, ಹೊತ್ತಿಗೆ ಸರಿಯಾಗಿ ಉಂಡೆ. ಬರೆಯುವುದು ಮಾತ್ರ ಆಗಲಿಲ್ಲ. ಪೇಪರಿನವರೂ ಒತ್ತಾಯ ಮಾಡಲಿಲ್ಲ. (ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೇ ಹೆಸರು ಹಿಡಿದು ಕರೆದವನಲ್ಲ. ಈಗ ಅಚ್ಚು ಹಾಕಿಸಿದರೆ ನಾಚಿಕೊಂಡಾಳು.)

ಶ್ರಾವಣ ಮುಗಿಯುತ್ತಲೇ ಮಗಳು ನೀಲವ್ವ ಮಾಡಗ್ಯಾಳದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ನಮ್ಮ ಜತ್ತಕ್ಕೆ ಬಂದಳು. ತವರಿಗೆ ಬಂದಳು, ಸರಿ. ಆದರೆ ತಾಯಿಯಿಲ್ಲದ ತವರಿನಲ್ಲಿ ಬಾಣಂತನ ಮಾಡುವವರು ಯಾರು? ಅದಕ್ಕೇ ನನ್ನ ಅಕ್ಕ ಗೌರವ್ವ ಬೆಳುಂಕಿಯ ತನ್ನ ಸಂಸಾರವನ್ನು ಸೊಸೆಯ ಕೈಗೆ ಒಪ್ಪಿಸಿ ನಮ್ಮಲ್ಲಿ ಬಂದು ನಿಂತಳು. ದಸರೆಯ ಹೊತ್ತಿಗೆ ಗಂಡುಕೂಸು ಹುಟ್ಟಿತು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಜೋರಾಗಿ ಅಳುವ ಧೈರ್ಯ ಮಾಡಿದವನು ಅವನೊಬ್ಬನೇ.

ಕೂಸು ಬಂತೆಂದರೆ ಬಚ್ಚಲೊಲೆ ಆರುವುದಿಲ್ಲ. ಬಾಣಂತಿಗೆ ಸುಡುಸುಡು ನೀರು, ಕೂಸಿಗೆ ಹದ ನೀರು. ಸೆಗಣಿ ಕುಳ್ಳು, ಜಾಲಿಕಟ್ಟಿಗೆ ಒಂದೇ ಸಮನೆ ಉರಿಯುತ್ತವೆ. ಅಷ್ಟೂ ಹೊಗೆ ಎಲ್ಲಿ ಹೋಗಬೇಕು?

ನಮ್ಮ ಬಚ್ಚಲಿಗೆ ಕಿಟಕಿಯಿಲ್ಲ. ತಲೆಯ ಮೇಲಿನ ಮಣ್ಣಿನ ಮಾಳಿಗೆಯಲ್ಲಿ, ಒಲೆಯ ನೇರಕ್ಕೆ, ಒಂದು ಕಿಂಡಿ ಇದೆ. ಮಾಳಿಗೆಯ ಮೇಲೆ ಆ ಕಿಂಡಿಗೆ ಒಂದು ದೊಡ್ಡ ಗಡಿಗೆಯನ್ನು ಬೋರಲು ಹಾಕಿ, ಸುತ್ತ ಮಣ್ಣು ಮೆತ್ತಿದೆ. ಗಡಿಗೆಯ ಹೊಟ್ಟೆಯಲ್ಲಿ ಒಂದು ಬದಿಗೆ ಅಂಗೈಯಗಲದ ತೂತು. ಹೊಗೆ ಏರುತ್ತದೆ, ತೂತಿನಿಂದ ಹೊರಗೆ ಹೋಗುತ್ತದೆ. ಮಳೆ ಒಳಗೆ ಬರುವುದಿಲ್ಲ. ಇಷ್ಟೇ ನಮ್ಮ ಯಂತ್ರ. (ಸೊಲ್ಲಾಪುರದ ಒಂದು ಖಾನಾವಳಿಯಲ್ಲಿ ಹೊಗೆಯನ್ನು ಎಳೆದು ಹೊರಗೆ ಹಾಕುವ ಎಲೆಕ್ಟ್ರಿಕ್ ಫ್ಯಾನ್ ನೋಡಿದೆನೆಂದು ನಮ್ಮ ಅಳಿಯ ಹೇಳುತ್ತಾನೆ. ಅಂಥದೊಂದು ಹಾಕಿಸಿರಿ ಮಾವಾ ಅನ್ನುತ್ತಾನೆ. ಜಾಣ ಹುಡುಗ. ನಮ್ಮ ಓಣಿಗೆ ಇನ್ನೂ ತಂತಿಯೇ ಬಂದಿಲ್ಲ ಎಂಬುದೊಂದನ್ನು ಮರೆತಿದ್ದಾನೆ.)

ಈ ಗಡಿಗೆಯನ್ನು ವರ್ಷಕ್ಕೊಮ್ಮೆ ಕೀಳಬೇಕು, ಒಳಗಿನ ಮಸಿ ಕೆರೆಯಬೇಕು, ತೊಳೆದು ಮತ್ತೆ ಕೂಡಿಸಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ. ಅದನ್ನು ಆಕೆ ಮಾಡುತ್ತಿದ್ದಳು. ಈ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಆದರೆ ಹೊಗೆಗೆ ಅದು ತಿಳಿಯಬೇಕಲ್ಲ?

ತೂತು ಕಟ್ಟಿಕೊಂಡಿತು. ಹೊಗೆ ಬಚ್ಚಲಲ್ಲಿ ಸುತ್ತಿ ಸುತ್ತಿ ಕೋಣೆಗೆ ಬರತೊಡಗಿತು. ನೀಲವ್ವ ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬರುತ್ತಿದ್ದಳು. ಕೂಸು ಕೆಮ್ಮತೊಡಗಿತು. ಆ ಅಂಗೈಯಷ್ಟು ಎದೆಯಿಂದ ಕೆಮ್ಮು ಬರುವುದನ್ನು ಕೇಳಬಾರದು.

ಗಡಿಗೆ ಬಿಚ್ಚು ಎಂದು ಅಕ್ಕ ಹೇಳಿದಳು. ನಿಚ್ಚಣಿಕೆ ಹಚ್ಚಿ ಮಾಳಿಗೆ ಹತ್ತಿದೆ. ಹೋದ ಹಾಗೆಯೇ ಇಳಿದು ಬಂದೆ. ನಿಚ್ಚಣಿಕೆಯ ಮೆಟ್ಟಿಲು ಸಡಿಲಾಗಿದೆ ಎಂದೆ. ಮರುದಿನ ಅಂಗಡಿಯಲ್ಲಿ ಟೈಮ್ ಆಗಲಿಲ್ಲ ಎಂದೆ. ಅದರ ಮರುದಿನ ಬಿಸಿಲು ಎಂದೆ. ಮಾಳಿಗೆ ಹತ್ತಲು ಪಂಚಾಂಗ ನೋಡಬೇಕೇನು ಎಂದು ಅಕ್ಕ ನೆರೆಮನೆಯವರಿಗೆ ಕೇಳುವಂತೆ ಕೇಳಿದಳು.

ನಾನು ಮೇಲೆ ಕಂಡದ್ದೇನು?

ಗಡಿಗೆಯ ಬಾಯಿಯ ಸುತ್ತ ಮೆತ್ತಿದ ಮಣ್ಣು ಒಣಗಿ ಕಲ್ಲಾಗಿತ್ತು. ಮಳೆ ಬಡಿಯುವ ಬದಿ ತೊಳೆದು ನುಣುಪಾಗಿತ್ತು. ಆದರೆ ಮಾಳಿಗೆಯಂಚಿನ ಕುಂಬಿಗೋಡೆಯ ಮರೆಗೆ ಇದ್ದ ಬದಿಯಲ್ಲಿ ಆಕೆಯ ಬೆರಳುಗಳಿದ್ದವು. ಕರ್ಚಿಕಾಯಿಯ ಅಂಚು ಒತ್ತುವಂತೆ, ಒಂದರ ಪಕ್ಕ ಒಂದು, ಒತ್ತುತ್ತ ಹೋಗಿದ್ದಳು. ಬೇರೆ ಯಾರವೋ ಇರಬಹುದೇ ಎನ್ನುವ ಹಾಗೂ ಇರಲಿಲ್ಲ. ಸಣ್ಣಂದಿನಲ್ಲಿ ಬೀಸುವ ಕಲ್ಲಿನಡಿ ಸಿಕ್ಕು ಆಕೆಯ ಬಲಗೈಯ ಕಿರುಬೆರಳು ಡೊಂಕಾಗಿತ್ತು. ಪ್ರತಿ ಒತ್ತಿನ ಕೊನೆಗೂ ಆ ಡೊಂಕು ಗುರುತು, ಬೇರೆ ಬೆರಳುಗಳಿಗೆ ಬೆನ್ನು ತಿರುಗಿಸಿದಂತೆ.

ನಮ್ಮ ಮನೆಯಲ್ಲಿ ಆಕೆಯ ಫೋಟೋ ಇಲ್ಲ. ಒಮ್ಮೆ ಸಾಂಗ್ಲಿಗೆ ಹೋದಾಗ ಸ್ಟುಡಿಯೋದ ಮುಂದೆಯೇ ಹಾದು ಹೋದೆವು. ಸೀರೆ ಚಲೋದಿಲ್ಲ, ಮುಂದಿನ ಸಲ ಎಂದಿದ್ದಳು.

ಈಗ ಹೇಳಿ. ಆ ಮಣ್ಣಿಗೆ ನಾನು ಸುತ್ತಿಗೆ ಹಾಕಲೇ?

ಅದಕ್ಕೇ ಸೋಮವಾರದ ಆ ಉಪಾಯ. ಗಡಿಗೆ ಕೀಳುವುದೇ ಬೇಡ, ಕೆಳಗಿನಿಂದಲೇ ಗಳಕ್ಕೆ ಚಿಂದಿ ಸುತ್ತಿ ಮಸಿ ಕೆಡವಿದರಾಯಿತು ಎಂದುಕೊಂಡೆ. ಅದರ ಫಲವನ್ನು ಮೊದಲೇ ಹೇಳಿದ್ದೇನೆ. ಹೇಳದೆ ಉಳಿದದ್ದು ಒಂದು: ಬಿದ್ದ ಮಸಿಗಿಂತ ಮೇಲಕ್ಕೆ ಹೋಗಿ ತೂತಿಗೆ ಗಟ್ಟಿಯಾಗಿ ಬಡಿದುಕೊಂಡದ್ದೇ ಹೆಚ್ಚು.

ಮಂಗಳವಾರ ಒಲೆ ಹೊತ್ತಿಸಿದರೆ ಹೊಗೆ ಒಂದೆಳೆಯೂ ಮೇಲೆ ಹೋಗಲಿಲ್ಲ. ಅಕ್ಕ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎರಡು ತಂಬಿಗೆ ಹಾಕಿದ್ದಳೋ ಇಲ್ಲವೋ, ಕೂಸು ಕೆಮ್ಮಿ ಕೆಮ್ಮಿ ಉಸಿರು ಹಿಡಿಯಿತು. ತೊಯ್ದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅಕ್ಕ ಅಂಗಳಕ್ಕೆ ಓಡಿ ಬಂದಳು. ಬೆನ್ನು ತಟ್ಟಿದಳು. ಅಳು ಬರುವ ತನಕ ನಮ್ಮಲ್ಲಿ ಯಾರೂ ಉಸಿರಾಡಲಿಲ್ಲ.

ನೀಲವ್ವ ನನ್ನ ಮುಖ ನೋಡದೆ ಹೇಳಿದಳು: "ಅಪ್ಪಾ, ನಾ ಮಾಡಗ್ಯಾಳಕ್ಕ ಹೋಗ್ತೀನಿ. ಅಲ್ಲಿ ಬಚ್ಚಲ ಬಯಲಾಗ ಐತಿ. ಕೂಸಿಗೆ ಉಸಿರಾದ್ರೂ ಆಡ್ತೈತಿ."

ಹಸಿ ಬಾಣಂತಿ, ತವರು ಬಿಟ್ಟು ಹೋಗುತ್ತೇನೆ ಅನ್ನುತ್ತಾಳೆ. ಇದಕ್ಕಿಂತ ಹೆಚ್ಚು ಏನು ಕೇಳಬೇಕು?

ಅಕ್ಕನನ್ನು ಬದಿಗೆ ಕರೆದು ಬೆರಳಿನ ವಿಷಯ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಸೀರೆಗೆ ಕಚ್ಚೆ ಹಾಕಿ ಆ ವಯಸ್ಸಿನಲ್ಲಿ ನಿಚ್ಚಣಿಕೆ ಹತ್ತಿದಳು. (ಮೆಟ್ಟಿಲು ಗಟ್ಟಿಯಾಗಿಯೇ ಐತಲ್ಲೋ ಎಂದು ನಡುವೆ ನಿಂತು ಹೇಳುವುದನ್ನು ಬಿಡಲಿಲ್ಲ.) ಗಡಿಗೆಯ ಪಕ್ಕ ಕುಳಿತಳು. ಡೊಂಕು ಕಿರುಬೆರಳಿನ ಗುರುತನ್ನು ಕಂಡು ಹಿಡಿದು ಅದರ ಮೇಲೆ ತನ್ನ ಬೆರಳಿಟ್ಟಳು. 

"ಇದು ಯಾರ ಮಣ್ಣಂತ ತಿಳದಿ, ತಮ್ಮಾ?"

ಆಕೆಯದು ಎಂದೆ.

"ಆಕೀದಷ್ಟ ಅಲ್ಲೋ. ಅವ್ವ ಕಲಸಿದ್ದ ಮಣ್ಣಿದು. ಅವ್ವಗ ಅವರತ್ತಿ ಕೊಟ್ಟಿದ್ರು. ಬಿಚ್ಚಿದ್ದನ್ನ ಒಗಿಯೂದಿಲ್ಲ. ನೆನಿ ಹಾಕೂದು, ಹಿಡಿ ಹೊಸಾ ಮಣ್ಣು, ಹಿಡಿ ಹೊಟ್ಟು ಕೂಡಸೂದು, ಮತ್ತ ಅದನ್ನ ಮೆತ್ತೂದು. ಬರೇ ಹೊಸಾದು ಹಚ್ಚಿದ್ರ ಬಿಸಿಲಿಗೆ ಬಿರೀತೈತಿ."

ಅಂದರೆ ಆಕೆ ಪ್ರತಿ ದೀಪಾವಳಿಗೂ ತನ್ನ ಬೆರಳುಗಳನ್ನು ತಾನೇ ಅಳಿಸುತ್ತಿದ್ದಳು. ಹಾಗಾದರೆ ನಮ್ಮ ಅವ್ವನ ಬೆರಳುಗಳನ್ನು? ಅದನ್ನು ನಾನು ಬಾಯಿಬಿಟ್ಟು ಕೇಳಲಿಲ್ಲ. ಅಕ್ಕನೇ ಹೇಳಿದಳು.

"ಅವ್ವ ತೀರಿಕೊಂಡ ವರ್ಷ ಇದನ್ನ ಬಿಚ್ಚಾಕ ಆಕಿ ಬೆಳುಂಕಿಗೆ ಹೇಳಿ ಕಳಿಸಿ ನನ್ನ ಕರಿಸಿದ್ಲು. ಒಬ್ಬಾಕಿಗೆ ಆಗಲಿಲ್ಲ. ಇಬ್ರೂ ಇಲ್ಲೇ ಕುಂತಿದ್ವಿ. ನೀ ಅಂಗಡ್ಯಾಗ ಇದ್ದಿ."

"ಆಮ್ಯಾಲೆ ಏನ್ ಮಾಡಿದ್ರಿ?"

"ಮಾಡೂದೇನು? ಬಿಸಿನೀರ ಹಾಕಿದ್ವಿ."

ಸುತ್ತಿಗೆ ಹಾಕಬಾರದಂತೆ, ಗಡಿಗೆಯ ಬಾಯಿ ಒಡೆಯುತ್ತದಂತೆ. ತಣ್ಣೀರಿಗೆ ಆ ಮಣ್ಣು ಬೇಗ ಬಗ್ಗುವುದಿಲ್ಲವಂತೆ. ಕೂಸಿಗೆಂದು ಕಾಯಿಸಿ ಉಳಿದಿದ್ದ ನೀರನ್ನು ಕೊಡಪಾನದಲ್ಲಿ ತಂದೆ. ಅಕ್ಕ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ನಾನೇ ಹಾಕಿದೆ, ನಿಧಾನವಾಗಿ, ಮೊದಲು ನುಣುಪಾದ ಬದಿಗೆ, ಕೊನೆಗೆ ಬೆರಳುಗಳಿದ್ದ ಬದಿಗೆ. ಗುಳಿಗಳಲ್ಲಿ ನೀರು ನಿಂತಿತು. ಒಂದೊಂದು ಬೆರಳಿನ ತುಂಬ ಒಂದೊಂದು ತುಣುಕು ಆಕಾಶ ಕಂಡಿತು. ಆಮೇಲೆ ಅಂಚುಗಳು ಮೆತ್ತಗಾದವು. ಒಂದು ಇನ್ನೊಂದಕ್ಕೆ ಕೂಡಿತು. ಡೊಂಕು ಕಿರುಬೆರಳು ಎಲ್ಲಕ್ಕಿಂತ ಕೊನೆಗೆ ಹೋಯಿತು. ಆಕೆಯ ಹಟ ನನಗೆ ಹೊಸದೇನಲ್ಲ.

ಗಡಿಗೆ ಎತ್ತಿದೆವು. ಒಳಗೆ ಮಸಿ ಕರಿ ಕಂಬಳಿಯಂತೆ ದಪ್ಪಗೆ ಹಾಸಿತ್ತು. ತೆಂಗಿನ ಚಿಪ್ಪಿನಿಂದ ಕೆರೆದೆ. ಕೆರೆದಂತೆ ಒಳಗಿನ ಕೆಂಪು ಹೊರಬಂತು, ನಿನ್ನೆ ತಾನೇ ಕುಂಬಾರನ ಆವಿಗೆಯಿಂದ ತೆಗೆದಂತೆ. ಇಷ್ಟು ವರ್ಷದ ಹೊಗೆ ಅದರ ಬಣ್ಣವನ್ನು ಮುಟ್ಟಿಯೇ ಇರಲಿಲ್ಲ.

ಆಮೇಲೆ ಬಗ್ಗಿ ಬರಿ ಕಿಂಡಿಯೊಳಗೆ ನೋಡಿದೆ. ನಾನು ಹುಟ್ಟಿದ ಮನೆ. ನನ್ನನ್ನೂ ಅದೇ ಬಚ್ಚಲಲ್ಲಿ ಕಾಲ ಮೇಲೆ ಹಾಕಿಕೊಂಡು ಎರೆದಿದ್ದಾರೆ. ಆಕೆಯ ಕೊನೆಯ ಸ್ನಾನಕ್ಕೂ ನೀರು ಕಾದದ್ದು ಅದೇ ಒಲೆಯ ಮೇಲೆ. ಆದರೆ ಬಚ್ಚಲನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು. ಕತ್ತಲಲ್ಲಿ ಬಿಸಿಲಿನ ಒಂದು ಕಂಬ ಇಳಿದು, ಎರೆಯುವ ಕಲ್ಲಿನ ಮೇಲೆ ಸರಿಯಾಗಿ ನಿಂತಿತ್ತು. ಆ ಬೆಳಕಿನಲ್ಲಿ ನೀಲವ್ವ ಕೂಸನ್ನು ಎತ್ತಿಕೊಂಡು ನಿಂತು ಮೇಲೆ ನೋಡುತ್ತಿದ್ದಳು. ಕೂಸೂ ನೋಡುತ್ತಿತ್ತು. ಅಷ್ಟು ಸಣ್ಣ ಕಣ್ಣಿಗೆ ಏನು ಕಂಡಿತೋ, ಅಳು ಮರೆತಿತ್ತು.

 ನೀವೇ ಹೇಳಿ, ಬಚ್ಚಲ ಕಿಂಡಿಯ ಮುಂದೆ ಯಾರಾದರೂ ಕೈ ಮುಗಿಯುತ್ತಾರೆಯೇ? ನನ್ನ ಕೈಗಳು ತಾವಾಗಿಯೇ ಕೂಡಿದ್ದವು.

ಪರಾತದಲ್ಲಿ ಆ ಮಣ್ಣನ್ನು ನೆನೆ ಹಾಕಿದೆವು. ಹಿಡಿ ಹೊಸ ಮಣ್ಣು, ಹಿಡಿ ಹೊಟ್ಟು. ಅಕ್ಕ ಕಲಸಿ, ಮೆತ್ತುವುದನ್ನು ಮಾತ್ರ ನನಗೆ ಬಿಟ್ಟಳು. ಬೆರಳುಗಳ ನಡುವೆ ಅದು ಮೆತ್ತಗೆ, ಇನ್ನೂ ಸ್ವಲ್ಪ ಬೆಚ್ಚಗಿತ್ತು. ಇದರಲ್ಲಿ ಯಾರ್‍ಯಾರ ಕೈ ಇದೆ? ಆಕೆ, ಅವ್ವ, ಅವ್ವನ ಅತ್ತೆ. ಅದರಾಚೆಗಿನವರ ಹೆಸರು ಅಕ್ಕನಿಗೂ ಗೊತ್ತಿಲ್ಲ. ಅವರೆಲ್ಲ ಒತ್ತಿದ್ದನ್ನು ಹಿಡಿದುಕೊಂಡು ನಾನು ಬಟ್ಟೆಯ ಥಾನು ಒತ್ತುವಂತೆ ಅಂಗೈಯಿಂದ ಒತ್ತುತ್ತಿದ್ದೆ.

"ಕರ್ಚಿಕಾಯಿ ತಿಂದಿ ಹೊರ್ತು ನೋಡಿಲ್ಲ ನೀನು," ಅಂದಳು ಅಕ್ಕ. "ಬೆರಳಿಂದ ಒತ್ತು."

ಬೆರಳಿನಿಂದ ಒತ್ತಿದೆ. ಒಂದರ ಪಕ್ಕ ಒಂದು. ಸಾಲು ಸೊಟ್ಟಗೆ ಹೋಯಿತು. ಹೋಗಲಿ.

ಬುಧವಾರ ಬೆಳಿಗ್ಗೆ ಅಕ್ಕ ಒಲೆ ಹೊತ್ತಿಸಿದಾಗ ನಾನು ಅಂಗಳದಲ್ಲಿ ನಿಂತು ಮಾಳಿಗೆ ನೋಡುತ್ತಿದ್ದೆ. ಮೊದಲು ಏನೂ ಇಲ್ಲ.  ಆಮೇಲೆ ಗಡಿಗೆಯ ಹೊಟ್ಟೆಯಿಂದ ತೆಳ್ಳಗೆ ಒಂದೆಳೆ ಹೊರಬಂದು, ದಾರಿ ನೆನಪಿಸಿಕೊಂಡಂತೆ ತಡೆದು, ನೆಟ್ಟಗೆ ಮೇಲೆದ್ದಿತು. ಒಳಗೆ ಕೂಸು ಅತ್ತಿತು. ಕೆಮ್ಮಿ ಅಲ್ಲ, ನೀರು ಬಿಸಿಯಾಯಿತೆಂದು, ಸಿಟ್ಟಿನಿಂದ, ಎದೆ ತುಂಬ ಉಸಿರೆಳೆದು.

ಮಾಡಗ್ಯಾಳಕ್ಕೆ ಹೊರಡಲು ಕಟ್ಟಿದ್ದ ಬಟ್ಟೆಯ ಗಂಟನ್ನು ನೀಲವ್ವ ಬಿಚ್ಚಿದ್ದಾಳೆ. ಮುಂದಿನ ದೀಪಾವಳಿಗೆ ತಾನೇ ಬರುತ್ತಾಳಂತೆ, ಗಡಿಗೆಯನ್ನು ನಾನು ಮುಟ್ಟಬಾರದಂತೆ.

ಆಗ ನಾನು ಕೆಳಗೆ ನಿಂತು ನೋಡುತ್ತಿರುತ್ತೇನೋ, ಇರುವುದಿಲ್ಲವೋ, ಯಾರು ಬಲ್ಲರು? ನನ್ನ ಸೊಟ್ಟ ಸಾಲಿನ ಮೇಲೆ ಯಾರೇ ಹಾಕಲಿ, ಬಿಸಿನೀರೇ ಹಾಕಲಿ.